ತಾಳಿ ಸರ ಒಗ್ಗದ ಕುತ್ತಿಗೆ

ಮೊದಲು ಬರೀ ಕೆರೆತ. ಬೆವರುಸಾಲೆ ಅಂದುಕೊಂಡೆ. ಮೊಳಕಾಲ್ಮೂರಿನ ಬಿಸಿಲಿಗೆ ಯಾರಿಗೆ ಬರಲ್ಲ ಹೇಳಿ? ವಾರದೊಳಗೆ ಕುತ್ತಿಗೆ ಸುತ್ತ ಕೆಂಪು ಗುಳ್ಳೆ ಎದ್ದು, ಒಡೆದು ನೀರು ಸೋರತೊಡಗಿತು.

ತಾಳಿ ಸರ ಕೂರುವ ಜಾಗದಲ್ಲೇ.

ಮದುವೆಯಾಗಿ ಇನ್ನೂ ಕೆಲವೇ ತಿಂಗಳು. ಅತ್ತೆ ಮುಖ ಬಾಡಿತು. "ತಾಳಿ ಮೈಗೆ ಒಗ್ತಿಲ್ಲ ಅಂದ್ರೆ ಇದೇನು ಕತೆನವ್ವಾ!" ಅಂತ ಗೌರಸಮುದ್ರದ ಮಾರಮ್ಮನಿಗೆ ಮುಡುಪು ಕಟ್ಟಿದರು. ನಾಲ್ಕು ದಿನ ತೆಗೆದಿಡಲೇ ಅಂದೆ. "ಬಿಡ್ತು ಅನ್ನು!" ಅಂತ ಗದರಿದರು. ನನಗೂ ಒಳಗೊಳಗೇ ಭಯ. ನನ್ನ ಕಾಲ್ಗುಣ ಸರಿಯಿಲ್ಲವೇನೋ, ಗಂಡನಿಗೇನಾದರೂ ಆದರೆ?

ಕೊನೆಗೆ ನಮ್ಮ ಮನೆಯವರು ನನ್ನನ್ನೂ ಅತ್ತೆಯನ್ನೂ ಚಳ್ಳಕೆರೆಗೆ, ಸ್ಕಿನ್ ಡಾಕ್ಟರ್ ಹತ್ತಿರ ಕರಕೊಂಡು ಹೋದರು. ಮುಲಾಮು ಹಚ್ಚಿ ಉರಿ ತಗ್ಗಿದ ಮೇಲೆ ಯಾವುದು ಮೈಗೆ ಆಗಲ್ಲ ಅಂತ ನೋಡೋ ಪ್ಯಾಚ್ ಟೆಸ್ಟ್ ಪಟ್ಟಿಯನ್ನ ಬೆನ್ನಿಗೆ ಅಂಟಿಸಿದರು. ಎರಡು ದಿನ ಬಿಟ್ಟು ಮತ್ತೆ ಹೋಗಿ ಬಿಚ್ಚಿಸಿದಾಗ, ನಿಕ್ಕಲ್ ತಾಗಿದ ಕಡೆ ಮಾತ್ರ ಕೆಂಪಾಗಿತ್ತು.

"ನಿಕ್ಕಲ್ ಅಲರ್ಜಿ ಕಣಮ್ಮ. ಈ ಸರ ಚಿನ್ನದ್ದಲ್ಲ, ಅಲ್ವಾ?"

ಅಲ್ಲ. ತಾಳಿ ಚಿನ್ನದ್ದೇ. ಕಳ್ಳರ ಭಯಕ್ಕೆ ಚಿನ್ನದ ಸರ ಬೀರುವಿನಲ್ಲಿಟ್ಟು, ದಿನಾ ಹಾಕಿಕೊಳ್ಳಲಿ ಅಂತ ಮೇಲಷ್ಟೇ ಚಿನ್ನದ ನೀರು ಹಾಯಿಸಿದ ಕವರಿಂಗ್ ಸರ ತಂದಿದ್ದು ನಮ್ಮ ಅತ್ತೆ!

"ಇದು ರಕ್ತದಾಗೆ ಬರುತ್ತೇನ್ರಿ?" ಅತ್ತೆ ಕೇಳಿದರು.

"ಅಲರ್ಜಿನೇ ಬರಲ್ಲ, ಅದು ತಗಲೋ ಗುಣ ಬರಬಹುದು. ಕೆಲವರ ಜೀನ್ ಹಾಗಿರುತ್ತೆ. ಮೈ ಕಾಯೋ ಕಣಗಳು ನಿಕ್ಕಲ್ ಕಂಡ್ರೆ ಶತ್ರು ಬಂದ ಅಂತ ಜಗಳಕ್ಕೆ ನಿಲ್ತವೆ. ಹಾಗಂತ ಜೀನ್ ಒಂದೇ ಸಾಲದು, ಲೋಹನೂ ಮೈಗೆ ತಾಗ್ತಾ ಇರಬೇಕು."

ನನಗೆ ನಮ್ಮವ್ವ ನೆನಪಾದಳು. ಅಂಗಡಿಯ ಅಗ್ಗದ ಓಲೆ ಹಾಕಿದರೆ ಅವಳ ಕಿವಿ ಸೋರುತ್ತಿತ್ತು, ಬೇವಿನ ಕಡ್ಡಿ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಳು. ಬಾಯಿಬಿಟ್ಟು ಹೇಳಿಯೂಬಿಟ್ಟೆ.

"ನೋಡಿದ್ರಾ, ಇವಳ ತವರಿಂದು!" ಅತ್ತೆಗೆ ಗೆದ್ದ ಖುಷಿ.

ಅಷ್ಟರಲ್ಲಿ ನಮ್ಮ ಮನೆಯವರು ಮೆಲ್ಲಗೆ ಅಂಗಿ ಎತ್ತಿದರು. "ಡಾಕ್ಟ್ರೇ, ಇದೂ ಅದೇನಾ?" ಹೊಕ್ಕುಳ ಕೆಳಗೆ, ಪ್ಯಾಂಟಿನ ಲೋಹದ ಗುಂಡಿ ಒತ್ತುವ ಕಡೆ, ಗುಂಡಿಯಷ್ಟೇ ಅಗಲದ ಕಪ್ಪು ಕಲೆ. ಅತ್ತೆ ಅದಕ್ಕೆ ವರ್ಷಗಟ್ಟಲೆ ಪೌಡರ್ ಹಾಕಿಸಿದ್ದರು. ಡಾಕ್ಟರ್ ನೋಡಿ, "ಹಾಗೇ ಕಾಣುತ್ತೆ" ಅಂತ ನಕ್ಕರು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅತ್ತೆ ಮಗನ ಪ್ಯಾಂಟಿನ ಗುಂಡಿಯನ್ನೇ ದಿಟ್ಟಿಸುತ್ತಿದ್ದರು.

ಮನೆಗೆ ಬಂದವರೇ ನಾವು ಸೀರೆ ನೇಯುವ ಮಗ್ಗದ ಪಕ್ಕ ಕೂತು, ಸೀರೆಗಿಟ್ಟ ರೇಷ್ಮೆ ನೂಲನ್ನೇ ತೊಡೆ ಮೇಲೆ ಹೊಸೆದು, ಅರಿಶಿನದ ನೀರಿಗೆ ಅದ್ದಿ ಆರಿಸಿದರು. ಮೊದಲು ಅರಿಶಿನ ಕೊಂಬಿನ ದಾರ ಕಟ್ಟಿ, ಆಮೇಲೆ ಸರ ತೆಗೆದರು. ತಾಳಿಯನ್ನು ರೇಷ್ಮೆಗೆ ಪೋಣಿಸಿ ತಾವೇ ಕೊರಳಿಗೆ ಹಾಕಿದರು. ಕುತ್ತಿಗೆ ಒಂದು ಗಳಿಗೆಯೂ ಬರಿದಾಗಲಿಲ್ಲ. ಮನಸ್ಸು ಹಗುರಾಗಿ ಅತ್ತುಬಿಟ್ಟೆ.

ಗುಳ್ಳೆ ಮಾಯ್ದಿವೆ. ಅಲರ್ಜಿ ಹೋಗಲ್ಲವಂತೆ. ಇರಲಿ, ಅದರ ಪಾಡಿಗೆ ಅದು.

ಈಗ ನಾನು ಬಸುರಿ. ಮೊನ್ನೆ ಅತ್ತೆ ನನ್ನ ಹೊಟ್ಟೆ ಸವರಿ, ಒಳಗಿರುವ ಕೂಸಿಗೇ ಹೇಳಿದರು: "ಅವ್ವಂದೂ ಐತೆ, ನಿಮ್ಮಪ್ಪಂದೂ ಐತೆ. ನೀನೇನು ಹೆದರಬ್ಯಾಡ, ಬಾ. ಕಿವಿ ಚುಚ್ಚಾಕೆ ಬರೋ ಅಕ್ಕಸಾಲೀನ ನಾನು ವಿಚಾರಿಸ್ಕಂತೀನಿ."