ಟ್ರಾನ್ಸ್‌ಫಾರ್ಮರ್ ಇಲ್ಲದ ಆಂಪ್ಲಿಫೈಯರ್ ಮತ್ತು ನಮ್ಮ ಆಯಿ

ಆಗೆಲ್ಲ ಗೋವಾದ ವಾಸ್ಕೋದಲ್ಲಿ ಮಳೆ ಹಿಡಿಯಿತೆಂದರೆ ಒಣಗಿದ ಲಂಗ ಹಾಕಿಕೊಂಡು ಶಾಲೆಗೆ ಹೋಗುವುದೇ ದೊಡ್ಡ ಸುಖ. ಗೋಡೆ ಬೆವರುತ್ತಿತ್ತು, ಉಪ್ಪು ನೀರಾಗುತ್ತಿತ್ತು, ಶೇಂಗಾ ಚಟ್ನಿಪುಡಿ ಡಬ್ಬಿಯಲ್ಲೇ ಗಂಟು ಕಟ್ಟುತ್ತಿತ್ತು. ಬೆಳಿಗ್ಗೆ ಪಾವ್ ಮಾರುವವನ ಸೈಕಲ್ ಹಾರ್ನ್ ಕೇಳಿದ ಕೂಡಲೇ ನಾನು ಛತ್ರಿ ಹಿಡಿದು ಓಡುತ್ತಿದ್ದೆ. ಬಿಸಿ ಪಾವನ್ನು ಮೊದಲು ಕೆನ್ನೆಗೆ ಒತ್ತಿಕೊಳ್ಳುವುದು, ತಿನ್ನುವುದು ಆಮೇಲೆ. ಅಂಥ ಒಂದು ಮಳೆಗಾಲದಲ್ಲಿ ನಮ್ಮ ಮನೆಯ ಬಟ್ಟೆಗಳು ಮಾತ್ರ ಗರಿಗರಿಯಾಗಿ ಒಣಗುತ್ತಿದ್ದವು. ಅದಕ್ಕೆ ಕಾರಣ ಅಪ್ಪ ಮಾಡಿದ ಆಂಪ್ಲಿಫೈಯರ್.

ನವಲಗುಂದದ ಕಡೆಯಿಂದ ಬಂದ ಅಪ್ಪನಿಗೆ ವಾಸ್ಕೋದಲ್ಲಿ ರೇಡಿಯೋ, ಟಿವಿ ರಿಪೇರಿಯ ಚಿಕ್ಕ ಅಂಗಡಿಯಿತ್ತು. ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಆ ವರ್ಷ ನಮ್ಮಲ್ಲಿಗೆ ಬಂದಿದ್ದಳು. ಅವಳು ಇಲ್ಲಿದ್ದಾಗಲೇ ಊರಲ್ಲಿ ಅವಳ ಅಕ್ಕ ಗಂಗವ್ವ ತೀರಿಕೊಂಡಳು. ಘಟ್ಟದಲ್ಲಿ ಮಣ್ಣು ಕುಸಿದು ರೈಲು ನಿಂತಿತ್ತು. ಆಯಿಗೆ ಅಕ್ಕನ ಮುಖ ನೋಡುವುದಕ್ಕೂ ಆಗಲಿಲ್ಲ. ನಾನು ದೊಡ್ಡಾಯಿ ಎಂದು ಕರೆಯುತ್ತಿದ್ದ ಆ ಗಂಗವ್ವ ಬೀಸುವ ಪದ ಹಾಡಿದ್ದ ಒಂದು ಕ್ಯಾಸೆಟ್ಟನ್ನು ಆಮೇಲೆ ಊರಿನವರು ಕಳಿಸಿದರು.

ಅಪ್ಪ ಖುಷಿಯಿಂದ ಅದನ್ನು ನಮ್ಮ ಪುಟ್ಟ ಟೇಪ್‌ರೆಕಾರ್ಡರಿಗೆ ಹಾಕಿದ. ಕಿರಿಕಿರಿ ದನಿ ಬಂತು. ಒಂದು ಸಾಲು ಹಾಡಿದ ಮೇಲೆ ಕೊರ್ ಎಂಬ ಸದ್ದು, ಆಮೇಲೆ ಮತ್ತೊಂದು ಸಾಲು. ಆಯಿ ಎರಡು ಸಾಲು ಕೇಳಿ ಎದ್ದೇಬಿಟ್ಟಳು.

“ಇದು ನಮ್ಮಕ್ಕ ಅಲ್ಲ ಬಿಡೋ. ಯಾರೋ ಡಬ್ಬಿಯೊಳಗ ಕುಂತು ಅಳಾಕತ್ತಾರ.”

ಅಷ್ಟೇ. ಮತ್ತೆ ಅದರ ಸುದ್ದಿ ತೆಗೆಯಲಿಲ್ಲ, ಊಟವೂ ಅಷ್ಟಕ್ಕಷ್ಟೇ ಆಯಿತು. ಟೇಪಿಗೆ ಬೂಷ್ಟು ಹಿಡಿದು ನಡುನಡುವೆ ದನಿ ಹೋಗಿದೆ ಎಂದು ಅಪ್ಪ ತೀರ್ಮಾನಿಸಿ ಅದನ್ನು ಹತ್ತಿಯಿಂದ ಒರೆಸಿದ. ಏನೂ ಪ್ರಯೋಜನವಾಗಲಿಲ್ಲ. ಆಗ ಹಟಕ್ಕೆ ಬಿದ್ದ. ತನ್ನ ತಾಯಿಗೆ ಅವಳ ಅಕ್ಕನ ದನಿಯನ್ನು ಕೇಳಿಸಿಯೇ ತೀರುವುದು ಎಂದು ಕೂತ.

ಹಳೇ ಟಿವಿಗಳ ಹೊಟ್ಟೆಯಿಂದ ಕಿತ್ತಿಟ್ಟಿದ್ದ, ದನಿ ದೊಡ್ಡದು ಮಾಡುವ ಬಲ್ಬಿನಂಥ ಗಾಜಿನ ವಾಲ್ವುಗಳು ಸಾಲಾಗಿ ಒಂದು ತಗಡಿನ ಮೇಲೆ ನಿಂತವು. ವಾಲ್ವಿಗೂ ಸ್ಪೀಕರಿಗೂ ನಡುವೆ ಸಾಮಾನ್ಯವಾಗಿ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅಪ್ಪ ಅದನ್ನೇ ಕೈಬಿಟ್ಟಿದ್ದ. ಯಾಕೆ ಎಂದು ನಮ್ಮ ಅವ್ವ ಕೇಳಿದ್ದಕ್ಕೆ, “ಅದು ನಡಕಿನ ದಲ್ಲಾಳಿ ಇದ್ದಂಗ. ಎಲ್ಲಾದರಾಗೂ ಒಂದೀಟು ತಿಂತದ. ಅದಿಲ್ಲಂದ್ರ ದನಿ ನೆಟ್ಟಗ ಬರ್ತದ” ಎಂದ.

ದಲ್ಲಾಳಿಯನ್ನು ಓಡಿಸಿದ್ದಕ್ಕೆ ತಕ್ಕ ಫಜೀತಿಯೂ ಬಂತು. ವಾಲ್ವು ಒಂದೆರಡು ಸಾಲದು, ಹಿಂಡು ಬೇಕು. ಹಿಂಡೆಲ್ಲ ಕಾದರೆ ನಮ್ಮ ಒಂದೇ ಕೋಣೆ ಭಟ್ಟಿ. ಮೀಟರಿನ ಚಕ್ರ ಗರಗರ ತಿರುಗುತ್ತಿತ್ತು. ಈಗಿನ ಸಣ್ಣ ಸ್ಪೀಕರುಗಳು ಅದಕ್ಕೆ ಒಗ್ಗುವುದಿಲ್ಲವೆಂದು ಅಪ್ಪ ಗುಜರಿಯಿಂದ ದೊಡ್ಡ ಹಳೇ ಸ್ಪೀಕರ್ ಎರಡು ತಂದ. ಒಂದು ದಿನ ಒಂದು ವಾಲ್ವು ಕೆಟ್ಟು, ಕರೆಂಟು ನೇರ ಸ್ಪೀಕರಿಗೇ ನುಗ್ಗಿ, ಅದು ಹೊಗೆಯಾಡಿ ಸತ್ತಿತು. ಸುಟ್ಟ ವಾರ್ನಿಷ್ ವಾಸನೆ ನಮ್ಮ ರೊಟ್ಟಿಗೂ ಹತ್ತಿತ್ತು.

“ದಲ್ಲಾಳಿ ಇದ್ದಿದ್ರ ಅಂವಾ ತಡೀತಿದ್ದಿಲ್ಲೇನ್ರಿ?” ಎಂದು ಅವ್ವ ಕೇಳಿದಳು.

ಉಳಿದದ್ದು ಒಂದೇ ಸ್ಪೀಕರ್, ಅದರ ದಾರಿಯಲ್ಲಿ ಅಪ್ಪ ಒಂದು ಫ್ಯೂಸ್ ಹಾಕಿದ. ಅವ್ವನೂ ಸುಮ್ಮನಿರಲಿಲ್ಲ. ಹೇಗಿದ್ದರೂ ಧಗೆ ದಂಡವಾಗುತ್ತಿದೆಯೆಂದು ವಾಲ್ವುಗಳ ಮೇಲೆ ಎತ್ತರದಲ್ಲಿ ಹಗ್ಗ ಕಟ್ಟಿ ಬಟ್ಟೆ ಹರವಿದಳು. ಕೆಂಪಗೆ ಹೊಳೆಯುವ ವಾಲ್ವುಗಳ ಸುತ್ತ ನಾನು ಗಜಗ ಆಡುತ್ತ ಕೂರುತ್ತಿದ್ದೆ. ಕಾದ ಧೂಳು ಮತ್ತು ಸೋಪಿನ ಆ ಬೆರೆತ ವಾಸನೆ ನನಗೆ ಭಾಳ ಇಷ್ಟವಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಅಪ್ಪ ಆಯಿಯನ್ನು ಒತ್ತಾಯದಿಂದ ಸ್ಪೀಕರಿನ ಎದುರು ಕೂರಿಸಿದ. ಈಗಲೂ ಅಲ್ಲವೆಂದರೆ ಇನ್ನು ಅವನ ಹತ್ತಿರ ಬೇರೆ ದಾರಿಯಿರಲಿಲ್ಲ. ಕ್ಯಾಸೆಟ್ ತಿರುಗಿತು. ದೊಡ್ಡಾಯಿ ಒಂದು ಸಾಲು ಹಾಡಿದಳು, ಎಂದಿನಂತೆ ನಿಲ್ಲಿಸಿದಳು. ಆದರೆ ನಿಲ್ಲಿಸಿದ ಕಡೆ ಈಗ ಏನೇನೋ ಕೇಳುತ್ತಿತ್ತು. ಬಳೆ ಸದ್ದು, ಉಸಿರು, ಗುರ್ರನೆ ತಿರುಗುತ್ತಲೇ ಇದ್ದ ಬೀಸುಗಲ್ಲು. ಟೇಪಿಗೆ ಏನೂ ಆಗಿರಲಿಲ್ಲ.

ಆಯಿ ಮುಂದಕ್ಕೆ ಬಾಗಿದಳು. “ಸುಮ್ಮನಿರ್ರಿ ಎಲ್ಲಾರೂ,” ಎಂದಳು. ನಾವು ಸುಮ್ಮನೇ ಇದ್ದೆವು. ಬೀಸುವ ಪದ ಒಬ್ಬರ ಹಾಡಲ್ಲ. ಕಲ್ಲಿನ ಆ ಕಡೆ ಈ ಕಡೆ ಕೂತು, ಒಬ್ಬಳು ಒಂದು ಸಾಲು ಎತ್ತಿದರೆ ಇನ್ನೊಬ್ಬಳು ಮುಂದಿನ ಸಾಲು ಕಟ್ಟಬೇಕು. ವಾಸ್ಕೋದಲ್ಲಿ ಹಿಟ್ಟಿನ ಗಿರಣಿ ಕಂಡವರಿಗೆ ಇದು ಮರೆತೇಹೋಗಿತ್ತು. ಎದುರಿಗೆ ಯಾರೂ ಇಲ್ಲದಿದ್ದರೂ ದೊಡ್ಡಾಯಿ ತಂಗಿಯ ಸಾಲಿಗೆ ಜಾಗ ಬಿಟ್ಟು ಹಾಡಿದ್ದಳು.

“ಹಸರ ಕುಬಸದ ತಂಗಿ ಎಲ್ಲಿ ಕುಂತೀಯವ್ವ” ಎಂದಿತು ಸ್ಪೀಕರು.

“ನಿನ್ನ ಎದರೀಗೆ ಕುಂತೀನಿ ಬೀಸವ್ವ” ಎಂದಳು ಆಯಿ.

ಅವಳ ಬಲಗೈ ನೆಲದ ಮೇಲೆ ಸುತ್ತತೊಡಗಿತು. ಕ್ಯಾಸೆಟ್ಟಿನ ಆ ಮಗ್ಗುಲು ಮುಗಿಯುವವರೆಗೂ ಅಕ್ಕತಂಗಿ ಇಬ್ಬರೂ ಬೀಸಿದರು. ಅಪ್ಪ ಬೆವರೋ ಕಣ್ಣೀರೋ ಒರೆಸಿಕೊಳ್ಳುತ್ತಿದ್ದ. ಆ ರಾತ್ರಿ ಆಯಿ ಎರಡು ರೊಟ್ಟಿ ಕೇಳಿ ಹಾಕಿಸಿಕೊಂಡು ಉಂಡಳು. ನನಗೆ ಹಬ್ಬವಾದಷ್ಟು ಸಂತೋಷವಾಗಿತ್ತು.

ಈಗ ನಾನು ಗೋವಾದಲ್ಲೇ ಪರ್ವರಿ ಎಂಬ ಊರಿನಲ್ಲಿದ್ದೇನೆ. ವಾಲ್ವುಗಳು ಒಂದೊಂದಾಗಿ ಸತ್ತವು, ಬದಲಿ ಸಿಗಲಿಲ್ಲ. ಆಯಿಯೂ ಹೋಗಿ ಬಹಳ ಕಾಲವಾಯಿತು. ಆ ಕ್ಯಾಸೆಟ್ಟಿನ ಹಾಡು ನನ್ನ ಫೋನಿನಲ್ಲಿದೆ, ಧಗೆಯಿಲ್ಲದೆ, ಹೊಗೆಯಿಲ್ಲದೆ ಚೊಕ್ಕವಾಗಿ ಕೇಳುತ್ತದೆ. ಆದರೆ ಆ ಮಧ್ಯಾಹ್ನ ಆಯಿಯ ದನಿಯನ್ನೂ ಇನ್ನೊಂದು ಟೇಪಿನಲ್ಲಿ ಹಿಡಿದಿಡಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಒಂದೇ ಒಂದು ಸಾಲಿಗೆ ನನಗೆ ಉತ್ತರ ಗೊತ್ತು, ಅದನ್ನು ಹೇಳುತ್ತೇನೆ. ದೊಡ್ಡಾಯಿ ಮುಂದಿನ ಸಾಲು ಎತ್ತಿ, ನಿಲ್ಲಿಸಿ, ಕಲ್ಲು ತಿರುಗಿಸುತ್ತ ಕಾಯುತ್ತಾಳೆ. ನನಗೆ ಏನೂ ಹೇಳಲು ಬರುವುದಿಲ್ಲ.