ಬದುವಿನಾಚೆಯ ಜೇಕು

ನಾನು ಅಳವಂಡಿ ಕಡೆಯ ಹಳ್ಳಿಯೊಂದಕ್ಕೆ ಸೊಸೆಯಾಗಿ ಹೋದಾಗ ನಿಜಾಮರ ಆಡಳಿತ. ನಮ್ಮ ಮಾವನವರಿಗೆ ಮಾತ್ರ ಜೇಕೆಂಬ ಕಳೆಯದೇ ಚಿಂತೆ. ಮೇಲೆ ನಾಲ್ಕು ಎಳೆ ಹುಲ್ಲು, ಮಣ್ಣಿನೊಳಗೆ ದಾರದಂಥ ಬೇರಿಗೆ ಪೋಣಿಸಿದ ಕರಿ ಗಡ್ಡೆಗಳು. ಬಾವಿ ತೋಟದ ಮಡಿಗಳಲ್ಲಿ ಉಳ್ಳಾಗಡ್ಡಿಗಿಂತ ಅದೇ ಹುಲುಸಾಗಿತ್ತು. ಅದು ತಾನಾಗಿ ಬಂತೆಂದು ಒಪ್ಪಿಕೊಳ್ಳುವಷ್ಟು ಸಣ್ಣ ಮನುಷ್ಯರಲ್ಲ ಅವರು. ಬದುವಿನಾಚೆಯ ತೋಟ ಅವರ ಚಿಕ್ಕಪ್ಪನ ಮಗನದು. ಜೇಕನ್ನು ಆತನೇ ದಾಟಿಸಿದ್ದಾನೆಂದು ತೀರ್ಮಾನಿಸಿದರು. ಆತನ ತೀರ್ಮಾನವೂ ಅಷ್ಟೇ ಖಚಿತ, ದಿಕ್ಕು ಮಾತ್ರ ಬೇರೆ.

ಮಾವನವರು ಬದುವಿನುದ್ದಕ್ಕೂ ತಗ್ಗು ತೋಡಿಸಿದರು. ಜೇಕು ಅದರ ಕೆಳಗಿನಿಂದ ಹೋಯಿತು. ಅಡ್ಡಕ್ಕೂ ಉದ್ದಕ್ಕೂ ನೇಗಿಲು ಹೊಡೆಸಿದರು. ಚದುರಿದ ಗಡ್ಡೆಗಳೆಲ್ಲ ಬೇರೆ ಬೇರೆ ಸಂಸಾರ ಹೂಡಿದವು. ಕೊನೆಗೆ ಕೊಪ್ಪಳದ ಕಚೇರಿಗೇ ಹೋಗಿ ದೂರು ಹೇಳಿದರು. ಅಲ್ಲಿನ ಸಾಹೇಬರು ಎಲ್ಲ ಕೇಳಿ, ಈ ಬೆಳೆಗೂ ಕಂದಾಯ ಹಾಕಲೇನು ಎಂದರಂತೆ. ಮನೆಯಲ್ಲಿ ಇದನ್ನು ಹೇಳಿದವನು ಗಾಡಿ ಹೊಡೆದ ಆಳು. ಮಾವನವರಿಗೆ ಅಂದು ಹಸಿವಿರಲಿಲ್ಲ.

ಯುದ್ಧ ಸಾರುವುದು ಅವರ ಕೆಲಸ, ಕಳೆ ಕೀಳುವುದು ನನ್ನದು. ಬದುವಿನಾಚೆ ಆ ಮನೆಯ ಸೊಸೆಯೂ ಕೀಳುತ್ತಿದ್ದಳು. ನಾವು ಮಾತಾಡಬಾರದೆಂದು ಎರಡೂ ಮನೆಗಳ ಅಪ್ಪಣೆ.

"ಯಕ್ಕಾ, ನಿಮ್ಮ ಜೇಕು ನಮ್ಮ ಕಡಿ ಬಂದೈತಿ, ಕರಕೊಂಡು ಹೋಗ್ರಿ," ಎಂದಳು ಒಂದು ದಿನ, ತಲೆ ಎತ್ತದೆ.

"ನಿಮ್ಮದು ಇಲ್ಲೇ ಬಾಳೇವು ಹೂಡೈತಿ. ಹೆಂಗ ಕಳಸಲಿ?" ಎಂದೆ.

ಕಿತ್ತಷ್ಟೂ ಬರುವ ಕಳೆ, ಹಾಗಾಗಿ ದಿನವೂ ಭೇಟಿ. ಹಿರಿಯರು ನಮ್ಮ ಶ್ರದ್ಧೆಯನ್ನು ಹೊಗಳುತ್ತಿದ್ದರು.

ಹೆರಿಗೆಗೆ ಇನ್ನೂ ಸಮಯವಿದೆಯೆಂದು ನಾನು ತೋಟಕ್ಕೆ ಹೋಗುತ್ತಲೇ ಇದ್ದೆ. ಒಂದು ಮಧ್ಯಾಹ್ನ ಮಡಿಯಲ್ಲೇ ನೋವು ಶುರುವಾಯಿತು. ಅವಳು ತಗ್ಗು ಜಿಗಿದು ಬಂದು, ನನ್ನನ್ನು ತೋಳಿಗೆ ಆನಿಸಿಕೊಂಡು ಮನೆ ಮುಟ್ಟಿಸಿದಳು. ತಾನು ಹೊಸ್ತಿಲು ತುಳಿಯಬಾರದ ಮನೆಯೆಂಬುದು ನೆನಪಾಗಿ ಬಾಗಿಲಲ್ಲೇ ನಿಂತಳು. ನಾನು ಅವಳ ಕೈ ಬಿಡಲಿಲ್ಲ. ಅತ್ತೆಯವರು, "ಒಳಗ ಬಾರವ್ವಾ, ನೀರು ಕಾಸು," ಎಂದರು.

ಸಂಜೆಗೆ ಮಗಳು ಹುಟ್ಟಿದಳು. ಮಾವನವರು ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಮೀಸೆ ತೀಡಿದರು. ಆಮೇಲೆ ಅವಳಿಗೆ, "ಕೂಸು ನೋಡಾಕ ಬರಬೇಕಂತ ನಿಮ್ಮ ಮಾವಗ ಹೇಳವಾ," ಎಂದರು.

ಅವಳ ಮಾವ ಮರುದಿನವೇ ಬಂದರು. ಮಗುವನ್ನು ನೋಡಿದ್ದು ಅರೆಗಳಿಗೆ, ಜೇಕಿನ ಮಾತು ಊಟದ ಹೊತ್ತಿನವರೆಗೆ. ಏಳುವಾಗ ಅಣ್ಣತಮ್ಮಂದಿರಿಬ್ಬರೂ ಒಮ್ಮತಕ್ಕೆ ಬಂದಿದ್ದರು. ಜೇಕು ಬಂದದ್ದು ಮೇಲಿನ ಹೊಲದವನಿಂದ.