ಬಾವಿಯ ಹುಡುಗಿಗೆ ಬಂಗಲೆಯ ಗಂಡು

ಅಜ್ಜಿಯ ತಲೆ ಕೆಡಿಸಿದ್ದು ದೆವ್ವದ ಪುಸ್ತಕಗಳು ಎಂಬುದು ನಮ್ಮ ಮನೆಯಲ್ಲಿ ಬಹುಮತದಿಂದ ಅಂಗೀಕಾರವಾದ ಅಭಿಪ್ರಾಯ. ಮಂಡಿಸಿದವರು ಕಳಂಬೋಲಿಯ ಉಕ್ಕಿನ ಮಾರ್ಕೆಟ್ಟಿನಲ್ಲಿರುವ ಸೋದರಮಾವ, ಅನುಮೋದಿಸಿದವರು ಅಮ್ಮ. ದೆವ್ವ ಇಲ್ಲ ಎನ್ನುವುದರಲ್ಲಿ ನನಗೆ ಅವರೊಡನೆ ಜಗಳವಿಲ್ಲ. ಆದರೆ ಪುಸ್ತಕಗಳ ಮೇಲಿನ ಆರೋಪ ಶುದ್ಧ ಸುಳ್ಳು. ಪುಸ್ತಕಗಳನ್ನು ಕೆಡಿಸಿದ್ದೇ ಅಜ್ಜಿ. ಅದಕ್ಕೆ ನಾನೇ ಸಾಕ್ಷಿ.

ವಿಷಯ ಇಷ್ಟು. ಅಮ್ಮನಿಗೊಬ್ಬಳು ಅಕ್ಕ ಇದ್ದಳು. ಅಜ್ಜ ಠಾಣೆಯ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ ಕಾಲದಲ್ಲಿ ಕೋಪರಿಯ ಚಾಳಿನಲ್ಲಿ ಹುಟ್ಟಿ, ಶಾಲೆಗೆ ಸೇರಿದ ವರ್ಷವೇ ಜ್ವರ ಬಂದು ತೀರಿಕೊಂಡವಳು. ನಮ್ಮ ತುಳುನಾಡಿನ ಕಡೆ ಒಂದು ನಂಬಿಕೆ: ಸತ್ತ ಮಕ್ಕಳು ಕುಲೆಗಳಾಗಿ, ಅಂದರೆ ಪ್ರೇತಗಳಾಗಿ, ಆ ಲೋಕದಲ್ಲೂ ಬೆಳೆಯುತ್ತಾರೆ, ಪ್ರಾಯಕ್ಕೆ ಬರುತ್ತಾರೆ, ಮದುವೆ ಕೇಳುತ್ತಾರೆ. ಆಗ ಇನ್ನೊಂದು ಮನೆಯಲ್ಲಿ ಹಾಗೆಯೇ ತೀರಿಕೊಂಡ ಹುಡುಗನನ್ನು ಹುಡುಕಿ, ಜಾತಿ, ಗೋತ್ರದಂಥ ಬಳಿ ಎಲ್ಲ ನೋಡಿ, ಸೀರೆ ಪಂಚೆ ಇಟ್ಟು ಮದುವೆ ಮಾಡಿಸುತ್ತಾರೆ. ಎರಡು ಮನೆಯವರು ಬೀಗರಾಗುತ್ತಾರೆ, ಊಟ ಇರುತ್ತದೆ. ದೊಡ್ಡಮ್ಮನಿಗೆ ಇದನ್ನು ಮಾಡಿಸದೆ ತಾನು ಸಾಯುವುದಿಲ್ಲ ಎಂದು ಅಜ್ಜಿ ಹಟ ಹಿಡಿದಿದ್ದಾರೆ. ಮಾವನ ಮಗನಿಗೆ ಸಂಬಂಧ ಕೂಡಿಬಾರದಿರುವುದೂ ಇದರಿಂದಲೇ ಅಂತೆ. ಅಮ್ಮನ ಪ್ರಕಾರ ಅದಕ್ಕೆ ಕಾರಣ ಅವನ ಬಾಯಿ.

“ನೀನು ಡಿಬೇಟ್‌ನಲ್ಲಿ ಕಪ್ ತಂದವಳಲ್ವಾ? ಅಜ್ಜಿಗೆ ನೀನೇ ಸಮ್ಜಾಯಿಸು” ಎಂದು ಮಾವ ಫೋನಿನಲ್ಲಿ ವಕಾಲತ್ತು ಒಪ್ಪಿಸಿದರು. “ಸತ್ತವಳಿಗೆ ಗಂಡು ಹುಡುಕ್ತಾ ಹೊರಟ್ರೆ ಮಾರ್ಕೆಟ್‌ನಲ್ಲಿ ನನ್ನ ಇಜ್ಜತ್ ಉಳೀತದಾ?”

ಒಪ್ಪಿಕೊಂಡೆ. ನನ್ನ ಮೊದಲ ಸಾಕ್ಷ್ಯ ಆ ಪುಸ್ತಕಗಳೇ ಆಗಿದ್ದವು.

ಡೊಂಬಿವಲಿಯಲ್ಲಿ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ನನಗೆ ಕನ್ನಡದ ಅಕ್ಷರವೆಂದರೆ ಜಿಲೇಬಿ. ಕನ್ನಡ ಸಂಘದ ಕಪಾಟಿನಿಂದ ತಂದ ಪುಸ್ತಕಗಳನ್ನು ಮಧ್ಯಾಹ್ನ ಅಜ್ಜಿಯೇ ಓದಿ ಹೇಳುತ್ತಿದ್ದರು. ಕಣ್ಣು ಕನ್ನಡದ ಸಾಲಿನ ಮೇಲೆ, ಬಾಯಲ್ಲಿ ತುಳು. ನಮಗೆ ಬಹಳ ಪ್ರಿಯವಾದವು ಎರಡು. ಒಂದರಲ್ಲಿ ಪಾಳುಬಾವಿಯಲ್ಲಿ ಬಿದ್ದು ಸತ್ತ ಹುಡುಗಿ. ನೀರು ಸೇದಲು ಬಂದವರ ಹಗ್ಗವನ್ನು ಕೆಳಗಿನಿಂದ ಜಗ್ಗುತ್ತಾಳೆ. ಅದನ್ನು ಕೇಳಿದ ವಾರವೆಲ್ಲ ನಾನು ಬಾತ್‌ರೂಮಿನ ಬಕೆಟ್ಟಿನೊಳಗೆ ಇಣುಕಿಯೇ ತಂಬಿಗೆ ಅದ್ದುತ್ತಿದ್ದೆ. ಇನ್ನೊಂದು ಪುಸ್ತಕ ಮೆತ್ತಗಿನದು. ಹಳೆಯ ಬಂಗಲೆಯೊಂದರಲ್ಲಿ ಒಬ್ಬ ಯುವಕನ ದೆವ್ವ. ಪಾಪ, ಯಾರನ್ನೂ ಹೆದರಿಸಲು ಬಾರದು. ಮಳೆ ಬಂದರೆ ಕಿಟಕಿ ಮುಚ್ಚುತ್ತಾನೆ, ಒಣಗಿದ ಬಟ್ಟೆ ಒಳಗೆ ತಂದು ಮಡಚಿ ಇಡುತ್ತಾನೆ. ನಮ್ಮ ಮನೆಗೂ ಅಂಥವನೊಬ್ಬ ಬೇಕು ಎಂದು ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದರು.

ಮೊದಲ ಪುಸ್ತಕದ ಕೊನೆಯಲ್ಲಿ ಬಾವಿಯ ಹುಡುಗಿಗೂ ಎರಡನೆಯ ಪುಸ್ತಕದ ಬಂಗಲೆಯ ಹುಡುಗನಿಗೂ ಮದುವೆ. ಅವಳ ಕಡೆಯವರು ಎತ್ತಿನಗಾಡಿಯಲ್ಲಿ ದಿಬ್ಬಣ ಹೊರಡುತ್ತಾರೆ. ಊಟಕ್ಕೆ ಹಲಸಿನ ಹಣ್ಣಿನ ಪಾಯಸ. ಎರಡೂ ಒಂದೇ ಕಥೆಯ ಎರಡು ಭಾಗ ಎಂದೇ ನಾನು ತಿಳಿದಿದ್ದೆ.

ತಿಳಿದದ್ದು ಮಾತ್ರವಲ್ಲ, ಠಾಣೆಯ ಶಾಲೆಯೊಂದರ ಚರ್ಚಾಸ್ಪರ್ಧೆಯಲ್ಲಿ ವಾದಿಸಿಯೂ ಬಿಟ್ಟೆ. ಮಕ್ಕಳಿಗೆ ದೆವ್ವದ ಕಥೆ ಬೇಕೇ ಬೇಡವೇ ಎಂಬುದು ವಿಷಯ. “ಹೆದರುವ ಅಗತ್ಯವೇ ಇಲ್ಲ, ಎಲ್ಲ ದೆವ್ವದ ಕಥೆಗಳೂ ಮದುವೆಯಲ್ಲೇ ಮುಗಿಯುತ್ತವೆ” ಎಂದು ಮೇಜು ಕುಟ್ಟಿದೆ. ಎದುರು ಪಕ್ಷದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತೀರ್ಪುಗಾರ್ತಿ ಮಾತ್ರ ಪುಸ್ತಕದ ಹೆಸರು ಬರೆದುಕೊಳ್ಳಲು ಪೆನ್ನು ಎತ್ತಿದರು.

ಕಾಲೇಜಿಗೆ ಬಂದ ಮೇಲೆ ಸಂಘದವರ ಭಾನುವಾರದ ತರಗತಿಯಲ್ಲಿ ಕನ್ನಡ ಓದಲು ಕಲಿತೆ. ಕಲ್ಯಾಣದ ಸ್ಲೋ ಲೋಕಲ್‌ನಲ್ಲಿ ಕಿಟಕಿ ಸೀಟು ಸಿಕ್ಕ ಅದೃಷ್ಟದ ದಿನ ಬಾವಿಯ ಪುಸ್ತಕ ತೆರೆದೆ. ಕೊನೆಯಲ್ಲಿ ದಿಬ್ಬಣವಿಲ್ಲ. ಮಂತ್ರವಾದಿಯೊಬ್ಬ ಹುಡುಗಿಯನ್ನು ತಾಮ್ರದ ಚೊಂಬಿನಲ್ಲಿ ಕಟ್ಟಿಹಾಕಿ, ಬಾಯಿಗೆ ಮೇಣ ಮೆತ್ತಿ, ಹಲಸಿನ ಮರದ ಬುಡದಲ್ಲಿ ಹೂತುಬಿಡುತ್ತಾನೆ. ಊರವರು ನೆಮ್ಮದಿಯಿಂದ ನೀರು ಸೇದುತ್ತಾರೆ. ಮುಕ್ತಾಯ. ಹಾಳೆಗಳು ಅಂಟಿಕೊಂಡಿವೆಯೇನೋ ಎಂದು ತಿರುತಿರುಗಿಸಿ ನೋಡಿದೆ. ಆ ದಿನ ನಾನು ಹೆದರಿದ್ದು ಹುಡುಗಿಗಲ್ಲ, ಮಂತ್ರವಾದಿಗೆ.

ಆದ್ದರಿಂದ ಈಗ ನನ್ನ ತಂತ್ರ ಸರಳವಾಗಿತ್ತು. ಕಣ್ಣಿನ ಪೊರೆಯ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿ ಕೂತಿದ್ದ ಅಜ್ಜಿಗೆ ಓದುವಂತಿಲ್ಲ. ಭಾನುವಾರ ಮಧ್ಯಾಹ್ನ ಅದೇ ಪುಸ್ತಕ ಹಿಡಿದು, ಅಚ್ಚಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿದೆ. ಚೊಂಬು, ಮೇಣ, ಹಲಸಿನ ಮರ.

“ಹೂತದ್ದು ಯಾರು?”

“ಮಂತ್ರವಾದಿ.”

“ಅವನಿಗೆ ಹೆಣ್ಣುಮಕ್ಕಳು ಇರ್ಲಿಲ್ಲ ಕಾಣ್ತದೆ.”

“ಅಜ್ಜಿ, ಪುಸ್ತಕದಲ್ಲಿ ಹೀಗೇ ಉಂಟು. ಮದುವೆ ನೀವು ಸೇರಿಸಿದ್ದು.”

“ಸೇರಿಸಿದ್ದೇ ಹೌದು. ಬರೆದವನಿಗೆ ಕ್ರಮ ಗೊತ್ತಿಲ್ಲದಿದ್ರೆ ಓದುವವರಾದ್ರೂ ಸರಿ ಮಾಡ್ಬೇಕಲ್ಲ ಮಾರಾಯ್ತಿ.”

“ಆದ್ರೆ ದೆವ್ವವೇ ಇಲ್ಲ ಅಜ್ಜಿ. ಇಲ್ಲದವರಿಗೆ ಎಂತ ಮದುವೆ?”

“ದೆವ್ವ ಇಲ್ಲದಿದ್ರೆ ಬೇಡ. ನನ್ನ ಮಗಳು ಇದ್ದದ್ದು ಹೌದಾ, ಅಲ್ವಾ?”

ಇದು ವಿಷಯಾಂತರ ಎಂದು ತೀರ್ಪುಗಾರರಿಗೆ ದೂರು ಕೊಡಬಹುದಿತ್ತು. ಕೋಣೆಯಲ್ಲಿ ತೀರ್ಪುಗಾರರಿರಲಿಲ್ಲ. ಬೇರೇನೂ ತೋಚದೆ, ಅಷ್ಟೊಂದು ದೆವ್ವಗಳಿದ್ದ ಕಪಾಟಿನಲ್ಲಿ ಬಾವಿಯ ಹುಡುಗಿಗೆ ಬಂಗಲೆಯ ಹುಡುಗನೇ ಯಾಕೆ ಎಂದು ಕೇಳಿದೆ.

“ನಿನ್ನ ದೊಡ್ಡಮ್ಮ ಫ್ರಾಕು ಬಿಚ್ಚಿದ್ದಲ್ಲೇ ಬಿಸಾಡುವವಳು” ಎಂದರು ಅಜ್ಜಿ. “ಎಷ್ಟು ಬೈದ್ರೂ ಮಡಚಿ ಇಟ್ಟದ್ದಿಲ್ಲ. ಬಟ್ಟೆ ಮಡಚುವ ಗಂಡು ಸುಲಭದಲ್ಲಿ ಸಿಗ್ತಾನಾ?”

ನಾನು ಇಷ್ಟು ವರ್ಷ ಪಾಯಸ ಉಂಡದ್ದು ಯಾರ ಮದುವೆಯದೆಂದು ಆಗ ತಿಳಿಯಿತು.

ಸಂಜೆ ಮಾವನ ಫೋನು. “ಹ್ಞಾಂ, ಒಪ್ಪಿದ್ರಾ?”

“ಒಪ್ಪಿದ್ದು ನಾನು. ಈಗ ನಾನು ಅಜ್ಜಿಯ ಪಾರ್ಟಿ.”

“ಅರೇ! ನೀನೂ ಕುಲೆಗಿಲೆ ನಂಬ್ತೀಯಾ?”

“ಇಲ್ಲ ಮಾವ. ಕುಲೆ ಇಲ್ಲ ಅಂದ್ಮೇಲೆ ನಿಮಗೆ ಹೆದರಿಕೆ ಎಂತದ್ದು? ನಿಮ್ಮ ಅಕ್ಕನ ಮದುವೆ, ಬಂದು ಊಟ ಮಾಡಿ.”

ಮಾವ ಪಕ್ಕದವರಿಗೆ ಕೇಳದಂತೆ ದನಿ ತಗ್ಗಿಸಿ, “ಗಂಡು ಎಲ್ಲಿಯವನಂತೆ?” ಎಂದರು.

ಅದು ನನಗೂ ಹೊಳೆದಿರಲಿಲ್ಲ. ದೊಡ್ಡಮ್ಮ ತುಳುನಾಡಿನ ಊರು ಕಂಡವಳೇ ಅಲ್ಲ. ಚಾಳಿನ ಮಕ್ಕಳೊಡನೆ ಆಡುತ್ತ ಮನೆಯಲ್ಲೂ ಮರಾಠಿಯನ್ನೇ ಮಾತಾಡುತ್ತಿದ್ದಳಂತೆ. ಫೋನನ್ನು ಎದೆಗೆ ಒತ್ತಿ ಹಿಡಿದು ಒಳಗೆ ಹೋದೆ. ಅಜ್ಜಿ ಒಣಗಿದ ಬಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು, ಕಪ್ಪು ಕನ್ನಡಕದಲ್ಲೇ ತಡವಿ ತಡವಿ ಮಡಚುತ್ತಿದ್ದರು.

“ಅಜ್ಜಿ, ಗಂಡು ಊರಿನವನೇ ಆಗ್ಬೇಕಾ? ಅಲ್ಲಿ ಅವಳ ಮರಾಠಿ ಯಾರಿಗೆ ಅರ್ಥ ಆಗ್ತದೆ?”